ಲಾಂಗ್‌ವುಡ್ಡೋ, ವಿಂಟರ್‌ಥರೋ?

ಫಿಲಡೆಲ್ಫಿಯಾ ಕಡೆ ಇರುವ ಕನ್ನಡಿಗರ ಮನೆಗೆ ಊರಿಂದ ಅಪ್ಪ, ಅಮ್ಮ ಬಂದರೆ ಲಾಂಗ್‌ವುಡ್ ಗಾರ್ಡನ್ಸ್‌ಗೆ ಕರೆದುಕೊಂಡು ಹೋಗುವುದು ರೂಢಿ. ಅಲ್ಲಿಂದ ಸ್ವಲ್ಪ ದೂರದಲ್ಲೇ, ಡೆಲವೇರ್‌ನಲ್ಲಿ, ವಿಂಟರ್‌ಥರ್ ಎಂಬ ಇನ್ನೊಂದು ತೋಟ ಇದೆ. ಅದರ ಮಾತು ಎತ್ತುವವರು ಕಡಿಮೆ. ಎರಡೂ ಡುಪಾಂಟ್ ಎಂಬ ಶ್ರೀಮಂತ ಉದ್ಯಮಿ ಮನೆತನದ ಹಳೆಯ ಎಸ್ಟೇಟ್‌ಗಳು. ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಸುತ್ತಿದ್ದೇನೆ. ನನ್ನ ಒಲವು ವಿಂಟರ್‌ಥರ್ ಕಡೆಗೇ.

ಹಾಗಂತ ಲಾಂಗ್‌ವುಡ್ ಕಮ್ಮಿಯೇನಲ್ಲ. ಅಲ್ಲಿನ ಹಳೆಯ ಮರಗಳನ್ನು ನಾಟಾಕ್ಕೆ ಕಡಿಯುತ್ತಾರೆ ಎಂದು ತಿಳಿದು ಪಿಯರ್ ಡುಪಾಂಟ್ 1906ರಲ್ಲಿ ಆ ಜಮೀನನ್ನೇ ಕೊಂಡ. 1921ರಲ್ಲಿ ದೊಡ್ಡ ಗಾಜಿನ ಮನೆ ತೆರೆಯಿತು. ಹೊರಗೆ ಹಿಮ ಬೀಳುವಾಗ ಒಳಗೆ ಆರ್ಕಿಡ್ ನೋಡುತ್ತಾ ಬೆಚ್ಚಗೆ ಓಡಾಡಬಹುದು. ಬೇಸಿಗೆಯಲ್ಲಿ ಕೆಲವು ರಾತ್ರಿ ಸಂಗೀತ, ಬಣ್ಣದ ದೀಪಗಳ ಜೊತೆ ಕಾರಂಜಿ ಚಿಮ್ಮುತ್ತದೆ. ಅಮ್ಮನಿಗೆ ತಕ್ಷಣ ನೆನಪಾಗಿದ್ದು ಕನ್ನಂಬಾಡಿಯ ಬೃಂದಾವನ. ಕಾಲವೂ ಹೆಚ್ಚುಕಮ್ಮಿ ಒಂದೇ: ಲಾಂಗ್‌ವುಡ್‌ನ ಈ ಕಾರಂಜಿ 1931ರದ್ದು, ಬೃಂದಾವನ ಮುಗಿದಿದ್ದು 1932ರಲ್ಲಿ. ಆದರೆ ಜನ ಜಾಸ್ತಿ. ರಜಾದಿನಗಳಲ್ಲಿ ಒಂದು ಗಿಡದ ಮುಂದೆ ನೆಮ್ಮದಿಯಾಗಿ ನಿಲ್ಲುವುದೂ ಕಷ್ಟ.

ವಿಂಟರ್‌ಥರ್‌ನಲ್ಲಿ ಕಣ್ಣು ಕೋರೈಸುವಂಥದ್ದು ಏನೂ ಎದುರಿಗೆ ಬರುವುದಿಲ್ಲ. ಕಾಡಿನ ದಾರಿ, ಇಳಿಜಾರು, ಎತ್ತರದ ಮರಗಳು. ಸುಮ್ನೆ ನಡೆಯುತ್ತಾ ಹೋದರೆ ಮರಗಳ ಬುಡದಲ್ಲೆಲ್ಲ ಹೂವು. ಹೆನ್ರಿ ಫ್ರಾನ್ಸಿಸ್ ಡುಪಾಂಟ್ ಯಾವ ಬಣ್ಣದ ಪಕ್ಕ ಯಾವ ಬಣ್ಣ ಇರಬೇಕು, ಯಾವುದು ಮುಗಿದ ಮೇಲೆ ಯಾವುದು ಅರಳಬೇಕು ಎಂದು ವರ್ಷಗಟ್ಟಲೆ ಯೋಚಿಸಿ ನೆಡಿಸಿದ್ದು ಇದು. ಚಳಿ ಇನ್ನೂ ಬಿಟ್ಟಿರುವುದಿಲ್ಲ, ಆಗಲೇ ಮಾರ್ಚ್ ಬ್ಯಾಂಕ್ ಎಂಬ ಇಳಿಜಾರಿನಲ್ಲಿ ಬಿಳಿ ಸ್ನೋಡ್ರಾಪ್ ತಲೆ ಎತ್ತುತ್ತದೆ. ಅದರ ಹಿಂದೆಯೇ ನೆಲವೆಲ್ಲ ನೀಲಿ. ಮೇ ತಿಂಗಳಲ್ಲಿ ಅಜೇಲಿಯಾ ಸರದಿ. ಇಷ್ಟೆಲ್ಲ ಯೋಜನೆ ಹಾಕಿದ್ದರೂ ಎಲ್ಲೂ ಮನುಷ್ಯನ ಕೈ ಕಾಣುವುದಿಲ್ಲ. ನನ್ನನ್ನು ಗೆದ್ದಿದ್ದು ಅದೇ. 1951ರಲ್ಲಿ ಮ್ಯೂಸಿಯಂ ಆದ ಅವನ ಬಂಗಲೆಯೂ ಅಲ್ಲೇ ಇದೆ. ಹಳೆಯ ಪೀಠೋಪಕರಣಗಳ ಆಸಕ್ತಿ ಇದ್ದವರಿಗೆ ಅದಕ್ಕೇ ಅರ್ಧ ದಿನ ಬೇಕು.

ಮಂಡಿನೋವು ಇರುವ ಹಿರಿಯರಿಗೆ ವಿಂಟರ್‌ಥರ್‌ನ ಏರಿಳಿತ ಕಷ್ಟ ಅನ್ನಬಹುದು. ತೋಟ ಸುತ್ತಿಸುವ ಟ್ರಾಮ್ ಇದೆ, ಕೇಳಿ ಹತ್ತಿಸಿ. ಮಕ್ಕಳಿದ್ದರೆ ಅಲ್ಲಿನ ಮಕ್ಕಳ ತೋಟ ಎನ್‌ಚಾಂಟೆಡ್ ವುಡ್ಸ್ ತಪ್ಪಿಸಬೇಡಿ.

ಡಿಸೆಂಬರ್‌ನಲ್ಲಿ ನೆಂಟರು ಬಂದರೆ ಕಣ್ಣುಮುಚ್ಚಿ ಲಾಂಗ್‌ವುಡ್‌ಗೆ ಹೋಗಿ, ಟಿಕೆಟ್ ಮಾತ್ರ ಮೊದಲೇ ಮಾಡಿಸಿ. ಏಪ್ರಿಲ್, ಮೇ ಆದರೆ ಒಂದು ಸಲವಾದರೂ ವಿಂಟರ್‌ಥರ್‌ಗೆ ಕರೆದುಕೊಂಡು ಹೋಗಿ. ಬೆಳಗ್ಗೆಯೇ ಹೊರಡಿ.