ವಿಜಯಪುರದಾಗ ಮಕ್ಕಳ ಆಕ್ಟಿಂಗ್ ಕ್ಲಾಸ್: ಹಚ್ರಿ, ಆದ್ರ ಆಡಿಷನ್ ಪ್ಯಾಕೇಜಿಗೆ ರೊಕ್ಕ ಕಟ್ಟಬ್ಯಾಡ್ರಿ

ನನ್ನ ಮಗಳಿಗೆ ಈಗ ಒಂಬತ್ತು ವರ್ಷ, ನಾಲ್ಕನೇ ಕ್ಲಾಸ್. ಏಳು ತಿಂಗಳಾತು, ಸ್ಟೇಷನ್ ರೋಡ್ ಕಡೆ ನಡಿಯೋ ಒಂದು ಮಕ್ಕಳ ಆಕ್ಟಿಂಗ್ ಕ್ಲಾಸಿಗೆ ಕಳಸಾಕತ್ತೀವಿ, ಶನಿವಾರ ಸಂಜೀಕ ಒಂದೂವರಿ ತಾಸು, ರವಿವಾರ ಮುಂಜಾನೆ ಒಂದೂವರಿ ತಾಸು. ಕ್ಲಾಸಿನ ಹೆಸರು ಬರ್ಯಾಂಗಿಲ್ಲ, ಯಾಕಂದ್ರ ಕಲಸೋದನ್ನ ಬಾಯಿ ತುಂಬ ಹೊಗಳಾಕಿ ನಾ, ಆದ್ರ ಅಲ್ಲೇ ನಡುವ ಆದ ಒಂದು ವಿಷಯ ನನಗ ಭಾಳ ನೋವು ಮಾಡೇತಿ, ಎರಡೂ ಬರೀಬೇಕು ಅಂತ ಕುಂತೀನಿ. ಮಕ್ಕಳನ್ನ ಟಿವಿಗೆ ಕಳಸಬೇಕು ಅನ್ನೋ ಆಸೆ ಇದ್ದ ಅವ್ವ ಅಪ್ಪಂದಿರು ನಮ್ಮ ಕಡೆ ಈಗ ಮನಿಗೊಬ್ರು ಅದಾರ, ಅವರು ಪೂರ್ತಿ ಓದ್ರಿ.

ಇದು ಶುರುವಾಗಿದ್ದು ನಮ್ಮತ್ತಿಯಿಂದ. ಅವ್ರು ಇಂಡಿ ಕಡೇವ್ರು, 2012ರ ಕಡೀಕ ಈಟಿವಿ ಕನ್ನಡದಾಗ ಪುಟ್ಟಗೌರಿ ಮದುವೆ ಸೀರಿಯಲ್ ಶುರುವಾದಾಗಿಂದ ಒಂದು ದಿನಾನೂ ತಪ್ಪಿಸಿದವರಲ್ಲ, ಆ ಚಾನೆಲ್ 2015ರಾಗ ಕಲರ್ಸ್ ಕನ್ನಡ ಆದ ಮ್ಯಾಲೂ ಅವ್ರ ಬಾಯಾಗ ಅದು ಪುಟ್ಟಗೌರಿ ಚಾನೆಲ್ಲೇ. ಸಣ್ಣ ಗೌರಿ ಆಗಿದ್ದು ಸಾನ್ಯಾ ಅಯ್ಯರ್. ಮುಂದ 2022ರಾಗ ಅದೇ ಸಾನ್ಯಾ ಬಿಗ್ ಬಾಸ್ ಓಟಿಟಿಗೆ ಬಂದು ಅಲ್ಲಿಂದ ಸೀಸನ್ 9ಕ್ಕೂ ಹೋದಾಗ ನಮ್ಮತ್ತಿ ನಂಬಲೇ ಇಲ್ಲ, "ಅಯ್ಯ, ಈ ಪೋರಿ ನಮ್ಮ ಗೌರಿ ಅಂತ? ಇಷ್ಟ ದೊಡ್ಡಾಕಿ ಹೆಂಗಾದ್ಲ?" ಅಂತ ಫೋನ್ ಹಿಡಕೊಂಡು ಹಳೇ ಕ್ಲಿಪ್ಪೂ ಹೊಸಾ ಮುಖಾನೂ ಹತ್ತ ಸಲ ಹೋಲಿಸಿ ನೋಡಿದ್ರು. ಬಾಜೂಕ ಕುಂತ ನನ್ನ ಮಗಳೂ ನೋಡಿದ್ಲು, ಆಗ ಅಕಿಗೆ ಆರು ವರ್ಷ. ಆವತ್ತಿಂದ ಹಳೇ ಎಪಿಸೋಡ್ ತುಣುಕು ನೋಡೋದು, ಕನ್ನಡಿ ಮುಂದ ನಿಂತು ಅದೇ ಮಾಡೋದು. ನಡುವ ಒಂದು ದಿನ ಕಥಿ ಒಮ್ಮೆಲೆ ಎಷ್ಟೋ ವರ್ಷ ಮುಂದ ಜಿಗಿದು ದೊಡ್ಡ ಗೌರಿ ಬಂದ್ಲಲ್ಲ, ರಂಜನಿ ರಾಘವನ್, ಅದನ್ನ ನೋಡಿ ನನ್ನ ಮಗಳು ಕೇಳಿದ್ದು ಒಂದೇ ಮಾತು, "ಅವ್ವಾ, ಮತ್ತ ಆ ಸಣ್ಣಾಕಿ ಎಲ್ಲಿ ಹ್ವಾದ್ಲು?"

ಆ ಪ್ರಶ್ನಿ ನನ್ನ ತಲ್ಯಾಗ ಹೊಕ್ಕೊಂಡು ಕುಂತುಬಿಡ್ತು. ಖರೇ ಅಲ್ಲೇನ್ರಿ, ಆ ಸಣ್ಣಾಕಿ ಎಲ್ಲಿ ಹೋಗ್ತಾಳ?

ಪುಟ್ಟಗೌರಿ ಮೂಲ ಹಿಂದಿ, ಬಾಲಿಕಾ ವಧು, 2008ರ ಜುಲೈದಾಗ ಕಲರ್ಸ್ ಚಾನೆಲ್ ಶುರುವಾದಾಗಲೇ ಶುರುವಾಗಿದ್ದು. ಅದರಾಗ ಆನಂದಿ ಆದಾಕಿ ಅವಿಕಾ ಗೋರ್, 1997ರಾಗ ಹುಟ್ಟಿದಾಕಿ, ಅಂದ್ರ ಆಗ ಬರೇ 11 ವರ್ಷ. ದೇಶಕ್ಕೆ ದೇಶಾನೇ ಆ ಕೂಸಿನ ಮಾರಿ ಗುರುತು ಹಿಡೀತಿತ್ತು, ಆಜೂಬಾಜೂ ರಾಜ್ಯದಾಗ ತೆಲುಗು ತಮಿಳಿಗೂ ಡಬ್ ಆಗಿತ್ತು. 2010ರಾಗ ಕಥಿ ಜಿಗೀತು, ದೊಡ್ಡ ಆನಂದಿ ಪಾತ್ರಕ್ಕೆ ಬ್ಯಾರೆ ನಟಿ ಬಂದ್ರು. ಮರು ವರ್ಷ 2011ರ ಏಪ್ರಿಲ್‌ದಾಗ ಸಸುರಾಲ್ ಸಿಮರ್ ಕಾ ಅಂತ ಸೀರಿಯಲ್ ಶುರುವಾತು, ಅದರಾಗ ಅವಿಕಾ ರೋಲಿ, ಆ ಪಾತ್ರ ಮುಂದ ಮನಿ ಸೊಸಿನೂ ಆತು, ಸೀರಿಯಲ್ ಶುರುವಾದಾಗ ಅಕಿಗೆ ಇನ್ನ 14 ತುಂಬಿದ್ದಿಲ್ಲ. ನಾವು ಆಗ ಮನ್ಯಾಗ ಕುಂತು ಚಾ ಕುಡಕೋತ ನೋಡಿದ್ದೇ ನೋಡಿದ್ದು, ವಯಸ್ಸಿನ ಲೆಕ್ಕ ಯಾರೂ ಹಾಕಲಿಲ್ಲ, ಈಗ ಒಂದು ಹೆಣ್ಣುಮಗಳ ಅವ್ವ ಆಗಿ ಲೆಕ್ಕ ಹಾಕಿದ್ರ ಎದಿ ಝಲ್ ಅಂತೈತಿ. ಆದ್ರ ಆ ಹುಡುಗಿ ಗಟ್ಟಿಗಿತ್ತಿ, 2013ರಾಗ ತೆಲುಗು ಸಿನಿಮಾಕ್ಕೆ ಹೀರೋಯಿನ್ ಆದ್ಲು, 2015ರಾಗ ನಮ್ಮ ಕನ್ನಡಕ್ಕೂ ಬಂದು ಒಂದು ಸಿನಿಮಾ ಮಾಡಿದ್ಲು, ಬಿದ್ದಲ್ಲಿಂದ ಎದ್ದು ಅಂತಲ್ಲ, ನಿಂತಲ್ಲಿಂದ ಹೊಸಾ ದಾರಿ ತಕ್ಕೊಂಡ್ಲು. ಸಾನ್ಯಾನೂ ಹಂಗ, 2012ರಾಗ ಸಣ್ಣ ಗೌರಿ ಆದಾಕಿ 2024ರಾಗ ಸಿನಿಮಾ ಹೀರೋಯಿನ್ ಆಗಿ ಬಂದ್ಲು. ನಡುವ ಹತ್ತಿರತ್ತಿರ 12 ವರ್ಷ. ಒಂದೇ ಪಾತ್ರ, ಎರಡು ಭಾಷಾ, ಎರಡು ಹುಡುಗ್ಯಾರು, ಇಬ್ರೂ ದೊಡ್ಡವರಾಗಿ ತೆರಿ ಮ್ಯಾಲೆ ತಿರುಗಿ ಬಂದ್ರು. ಆದ್ರ ಬಾಲ ಕಲಾವಿದರಾಗಿ ಬಂದು ಮುಂದ ಕಾಣದೇ ಹೋದ ಮುಖಗಳು ಎಷ್ಟು ಅಂತೀರಿ, ಅವರನ್ನ ನಾವು ನೆನಸೋದೂ ಇಲ್ಲ.

ಇಷ್ಟೆಲ್ಲಾ ಯಾಕ ಹೇಳಿದೆ ಅಂದ್ರ ನಾ ಕ್ಲಾಸ್ ಹುಡುಕುವಾಗ ಇದೇ ಲೆಕ್ಕ ಇಟ್ಕೊಂಡು ಹುಡುಕಿದೆ. ಪಾತ್ರ ಇವತ್ತು ಬರತೈತಿ, ಕಥಿ ಜಿಗಿದ್ರ ನಾಳೆ ಹೋಗತೈತಿ, ಹೋದ ಮ್ಯಾಲೂ ಮಗಳ ಕೈಯಾಗ ಏನರ ಉಳೀಬೇಕು, ಅದನ್ನ ಯಾರು ಕಲಸ್ತಾರ ಅಂತ.

ಈ ಕ್ಲಾಸಿನ ಟೀಚರ್ ಅದನ್ನ ಕಲಸ್ತಾರ, ಅದು ನೂರಕ್ಕ ನೂರು ಖರೇ. ಮೊದಲನೇ ತಿಂಗಳು ಡೈಲಾಗ್ ಅನ್ನೋದೇ ಇಲ್ಲ, ನಾ ಅಂತೂ ಕಟ್ಟಿದ 1,200 ರೂಪಾಯಿ ಹ್ವಾದವು ಅಂತ ಅನ್ಕೊಂಡಿದ್ದೆ. ಬರೇ ನಡಿಸ್ತಾರ. ತುಂಬಿದ ಕೊಡ ಹೊತ್ತಂಗ ನಡಿ, ಖಾಲಿ ಕೊಡ ಹೊತ್ತಂಗ ನಡಿ, ಸಿದ್ಧೇಶ್ವರ ಜಾತ್ರ್ಯಾಗ ಅವ್ವನ ಕೈ ಬಿಟ್ಟು ಹೋದ ಹುಡುಗಿ ಹಂಗ ನಡಿ, ಸಿಂದಗಿ ಬಸ್ಸಿನ ಕಂಡಕ್ಟರ್ ಗದ್ದಲದಾಗ ಹಿಂದ ಹೆಂಗ ಹೋಗ್ತಾನ ತೋರಸು. ಆಮ್ಯಾಲೆ ದನಿ. ಒದರಬಾರದು, ಆದ್ರ ಹಿಂದಿನ ಗ್ವಾಡಿಗೆ ಮುಟ್ಟಬೇಕು, ಒಂದರಿಂದ ಇಪ್ಪತ್ತರ ತನಕ ಎಣಸಬೇಕು, ಮೊದಲ ಸಿಟ್ಟಿಲೆ, ಆಮ್ಯಾಲೆ ಅಳಕೋತ, ಆಮ್ಯಾಲೆ ಗುಟ್ಟು ಹೇಳಿದಂಗ. ನನ್ನ ಮಗಳು ಮನ್ಯಾಗ ಮಗ್ಗಿ ಹೇಳುವಾಗ್ಲೂ ಹಿಂಗೇ ಹೇಳ್ತಾಳ, ಏಳರ ಮಗ್ಗಿ ಅಳಕೋತ ಹೇಳಿದ್ದು ಕೇಳಿ ನಮ್ಮ ಮಾವ ಓಡಿ ಬಂದಿದ್ರು. ಶಾಲ್ಯಾಗ ಕೈ ಎತ್ತಿ ಮಾತಾಡದ ಹುಡುಗಿ ಈಗ ಪ್ರಾರ್ಥನಾ ಹೊತ್ತಿನ್ಯಾಗ ಸುದ್ದಿ ಓದ್ತಾಳ, ಅಕಿ ಟೀಚರೇ ಕರದು ಹೇಳಿದ್ರು.

ಇನ್ನೊಂದು ವಿಷಯ, ನನಗ ಎಲ್ಲಾಕ್ಕಿಂತ ಮನಸ್ಸಿಗೆ ಹಿಡಿಸಿದ್ದು, ಭಾಷಾ. ನಾ ಅಂದ್ಕೊಂಡಿದ್ದೆ ಟಿವಿ ಅಂದ್ರ ಬೆಂಗಳೂರು ಕನ್ನಡ ಕಲಸ್ತಾರ, ಐತಿ ಅಂದ್ರ ಇದೆ ಅನ್ನು ಅಂತ ತಿದ್ತಾರ ಅಂತ. ಈ ಟೀಚರ್ ತಿದ್ದಲಿಲ್ಲ. ಎರಡೂ ಬರಬೇಕು ಅಂದ್ರು, ಯಾವ ಪಾತ್ರಕ್ಕೆ ಯಾವುದು ಅಂತ ಗೊತ್ತಿರಬೇಕು ಅಂದ್ರು, ನಮ್ಮ ಮಾತು ನಗಸಾಕ ಅಷ್ಟೇ ಇಟ್ಟ ಮಾತಲ್ಲ, ಈ ಭಾಷಾದಾಗ ಅಳಬಹುದು, ಜಗಳ ಮಾಡಬಹುದು, ಜೋಗುಳ ಹಾಡಬಹುದು ಅಂತ ಮಕ್ಕಳಿಗೆ ಹೇಳಿದ್ದನ್ನ ನಾ ಬಾಗಲದಾಗ ನಿಂತು ಕೇಳೀನಿ. ಸೀರಿಯಲ್‌ದಾಗ ಉತ್ತರ ಕರ್ನಾಟಕ ಮಾತಾಡೋ ಪಾತ್ರ ಬಂತಂದ್ರ ಬರೇ ನಗಸಾಕೇ ಇಡೋದು ನೋಡಿ ನೋಡಿ ಬ್ಯಾಸರಾಗಿದ್ದ ನನಗ ಆವತ್ತು ಕಣ್ಣಾಗ ನೀರು ಬಂತು.

ಐದನೇ ತಿಂಗಳಿಗೆ ಕಂದಗಲ್ ಹನುಮಂತರಾಯ ರಂಗಮಂದಿರದಾಗ ಅರ್ಧ ತಾಸಿನ ಒಂದು ನಾಟಕ ಮಾಡಿಸಿದ್ರು. 22 ಮಕ್ಕಳು, ನನ್ನ ಮಗಳಿಗೆ ನಾಲ್ಕು ಮಾತು. ಮೂರನೇ ಮಾತು ಮರ್ತುಬಿಟ್ಲು, ಲೈಟ್ ಕಣ್ಣಿಗೆ ಹೊಡದಿತ್ತಂತ. ನಾ ಕೆಳಗ ಕುಂತು ಸೆರಗು ಹಿಂಡಾಕತ್ತೀನಿ, ಅಕಿ ಒಂದು ಉಸುರು ತಗೊಂಡು ಕೈಯಾಗಿನ ಬುಟ್ಟಿ ಕೆಳಗಿಟ್ಟು "ತಡೀರಿ, ಭಾರ ಆಗೇತಿ" ಅಂತ ತನ್ನದೇ ಒಂದು ಮಾತು ಹಾಕಿ ಮುಂದ ಹ್ವಾದ್ಲು, ಮಂದಿಗೆ ಗೊತ್ತೇ ಆಗಲಿಲ್ಲ. ನನ್ನ ಬಾಜೂಕ ಒಬ್ರು ವಯಸ್ಸಾದವ್ರು ಕುಂತಿದ್ರು, ನಾಟಕ ಮುಗದ ಮ್ಯಾಲೆ ಅಮೀರಬಾಯಿ ಕರ್ನಾಟಕಿ ಹೆಸರು ತಗದ್ರು, ಹಳೇ ಹಿಂದಿ ಸಿನಿಮಾದ ಹಾಡುಗಾರ್ತಿ, ಬೀಳಗಿಯಾಕಿ, ಅಕ್ಕ ಗೋಹರಬಾಯಿ ಜೋಡಿ ಹಾಡಿ ಬೆಳದಾಕಿ, ಮುಂಬೈಗೆ ಹೋಗಿ ಅಷ್ಟು ಹೆಸರು ಮಾಡಿ ಮತ್ತ ತಿರುಗಿ ನಮ್ಮೂರಾಗೇ ಅಮೀರ್ ಟಾಕೀಸ್ ಕಟ್ಟಿಸಿದಾಕಿ. ಆ ಟಾಕೀಸ್ ಮುಂದ ನಾ ಎಷ್ಟು ಸಲ ಹಾದು ಹೋಗೀನೋ ಏನೋ, ಆ ಹೆಸರು ಒಬ್ಬ ಹೆಣ್ಣುಮಗಳದ್ದು ಅಂತ ಅಷ್ಟು ಮಾಡಿ ಲಕ್ಷ್ಯ ಕೊಟ್ಟಿದ್ದಿಲ್ಲ.

ಈಗ ನೋವಿನ ವಿಷಯ. ನಾಟಕ ಆದ ಮುಂದಿನ ವಾರ ಕ್ಲಾಸಿನಾಗ ಬೆಂಗಳೂರಿಂದ ಒಬ್ಬ ಕೋಆರ್ಡಿನೇಟರ್ ಬಂದ. ಕ್ಲಾಸಿನವರೇ ಕರಸಿದ್ದು. ಮಕ್ಕಳಿಗೆ ಪೋರ್ಟ್‌ಫೋಲಿಯೋ ಫೋಟೋ, ಒಂದು ವಿಡಿಯೋ, ಆಡಿಷನ್‌ಗೆ ಡೈರೆಕ್ಟ್ ಎಂಟ್ರಿ, ಎಲ್ಲಾ ಸೇರಿ 40,000, ಟೋಕನ್ 5,000 ಇವತ್ತೇ ಕಟ್ಟಬೇಕು, ಸೀಟ್ ಆರೇ ಅದಾವ ಅಂದ. ಆವತ್ತು ಎಲ್ಲಾರೂ ಕಟ್ಟಾಕತ್ತಿದ್ರು, ನನ್ನ ಮಗಳು ಕೈ ಹಿಡದು ಜಗ್ಗಾಕತ್ತಿದ್ಲು, ನಾನೂ ಕಟ್ಟಿದೆ. ಮರುದಿನ ಫೋಟೋ ತಗ್ಯಾಕ ಹೋದ್ರ ನನ್ನ ಒಂಬತ್ತು ವರ್ಷದ ಮಗಳಿಗೆ ಕೆಂಪು ಲಿಪ್‌ಸ್ಟಿಕ್, ರೇಷ್ಮಿ ಸೀರಿ, ಕೊಳ್ಳಾಗ ತಾಳಿ ಹಾಕಿ ನಿಲ್ಲಿಸ್ಯಾರ. "ಮೇಡಂ, ಬಾಲವಧು ಲುಕ್ ಇದ್ರ ಚಾನೆಲ್‌ನವ್ರಿಗೆ ಲಗೂನ ಹಿಡಸ್ತೈತಿ" ಅಂದ. ನನ್ನ ಮಗಳು ಕನ್ನಡ್ಯಾಗ ನೋಡಿ ನಗಲೂ ಇಲ್ಲ ಅಳಲೂ ಇಲ್ಲ, ಸುಮ್ನ ನಿಂತಿದ್ಲು, ಆ ಸುಮ್ಮನ ನಿಂತ ಮಾರಿ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಆ ಸೀರಿಯಲ್‌ಗಳು ತೋರಿಸಿದ್ದೇ ಸಣ್ಣ ಕೂಸಿಗೆ ಮದುವಿ ಮಾಡಿದ್ರ ಏನೇನು ಸಂಕಟ ಅಂತ, ಇಂವ ಅದನ್ನೇ ಒಂದು ಲುಕ್ ಮಾಡ್ಯಾನ. ತಾಳಿ ತಗದು ಮುಖ ತೊಳದು ಕರಕೊಂಡು ಬಂದೆ.

ನಮ್ಮ ಮೈದುನ ವಕೀಲ, ಅವತ್ತು ರಾತ್ರಿ ಕುಂದ್ರಿಸಿಕೊಂಡು ಕಾಯ್ದೆ ಹೇಳಿದ. ನೀವೂ ತಿಳ್ಕೋರಿ. ಬಾಲ ಕಾರ್ಮಿಕ ಕಾಯ್ದೆ 1986ರದ್ದು, 2016ರಾಗ ತಿದ್ದುಪಡಿ ಆತು, 2017ರಾಗ ಬಂದ ನಿಯಮದಾಗ 14 ವರ್ಷದೊಳಗಿನ ಬಾಲ ಕಲಾವಿದರ ಬಗ್ಗೆ ಬಿಡಿಸಿ ಬರದಾರ. ಮಗುವಿನಿಂದ ದಿನಕ್ಕ ಐದು ತಾಸಿಗಿಂತ ಜಾಸ್ತಿ ಕೆಲಸ ಮಾಡಸಂಗಿಲ್ಲ, ಮೂರು ತಾಸಿನ ಮ್ಯಾಲೆ ವಿಶ್ರಾಂತಿ ಇಲ್ದ ಇಡಂಗಿಲ್ಲ, ಒಂದೇ ಸಮ 27 ದಿನಕ್ಕಿಂತ ಹೆಚ್ಚು ಮಾಡಸಂಗಿಲ್ಲ. ಶೂಟಿಂಗ್ ನಡಿಯೋ ಜಿಲ್ಲಾದ ಜಿಲ್ಲಾ ಮ್ಯಾಜಿಸ್ಟ್ರೇಟ್ ಪರ್ಮಿಷನ್ ಪ್ರೊಡ್ಯೂಸರ್ ತಗೋಬೇಕು, ಐದು ಮಕ್ಕಳಿಗೆ ಒಬ್ರಂತೆ ಜವಾಬ್ದಾರಿ ಮನಿಷ್ಯಾ ಇರಬೇಕು, ಶಾಲಿ ತಪ್ಪಬಾರದು, ಮತ್ತ ದುಡಿಮ್ಯಾಗ ಕಮ್ಮಿ ಅಂದ್ರೂ 20 ಪರ್ಸೆಂಟ್ ರಾಷ್ಟ್ರೀಕೃತ ಬ್ಯಾಂಕಿನಾಗ ಮಗುವಿನ ಹೆಸರಿಲೆ ಎಫ್‌ಡಿ ಇಡಬೇಕು, ಅದು ಅಕಿ ದೊಡ್ಡಾಕಿ ಆದ ಮ್ಯಾಲೆ ಅಕಿಗೇ. ಮಗುವಿನ ಮನಸ್ಸಿಲ್ದ ಯಾವುದೂ ಮಾಡಸಂಗಿಲ್ಲ ಅನ್ನೋದೂ ಅದರಾಗೇ ಐತಿ. ಇದರಾಗಿನ ಒಂದೊಂದೇ ಮಾತು ಆ ಕೋಆರ್ಡಿನೇಟರ್‌ಗೆ ಫೋನ್ ಮಾಡಿ ಕೇಳಿದೆ, ಎಷ್ಟು ತಾಸು, ಯಾರ ಪರ್ಮಿಷನ್, ಎಫ್‌ಡಿ ಯಾವ ಬ್ಯಾಂಕ್. ಒಂದಕ್ಕೂ ಉತ್ತರ ಇಲ್ಲ. "ಅದೆಲ್ಲಾ ಸೆಲೆಕ್ಟ್ ಆದ ಮ್ಯಾಲೆ ನೋಡೋಣ" ಅಂದ.

ಟೋಕನ್ ತಿರುಗಿ ಕೇಳಿದೆ. ಒಂದು ತಿಂಗಳು ಬೆನ್ನ ಹತ್ತಿದ ಮ್ಯಾಲೆ 3,000 ಬಂತು. ಉಳದ ಎರಡು ಸಾವಿರ ಕ್ಲಾಸಿನ ಟೀಚರ್ ತಮ್ಮ ಕೈಯಿಂದ ಕೊಟ್ರು, ನಾ ಬ್ಯಾಡ ಅಂದ್ರೂ ಕೇಳಲಿಲ್ಲ, ಪಾಲಕರನ್ನೆಲ್ಲಾ ಕೂಡಿಸಿ ಇನ್ನ ಮ್ಯಾಲೆ ಹಂತಾ ಮಂದಿಯನ್ನ ಒಳಗ ಬಿಡಂಗಿಲ್ಲ ಅಂತ ಹೇಳಿದ್ರು. ಅದು ದೊಡ್ಡ ಮನಸ್ಸು, ಒಪ್ಪಿದೆ. ಆದ್ರ ಮೊದಲೇ ವಿಚಾರಸಬೇಕಿತ್ತು ಅಂತ ಅವರ ಮುಂದೇ ಅಂದೀನಿ, ಇಲ್ಲೂ ಅಂತೀನಿ, ಮಕ್ಕಳ ಹತ್ರ ಯಾರು ಬರ್ತಾರ ಅನ್ನೋದು ಕ್ಲಾಸಿನ ಜವಾಬ್ದಾರಿ.

ಡ್ರಾಮಾ ಜೂನಿಯರ್ಸ್‌ಗೆ ಹೋಗಬೇಕು ಅನ್ನೋ ಹುಚ್ಚು ನನ್ನ ಮಗಳಿಗೆ ಇನ್ನೂ ಐತಿ, ಝೀ ಕನ್ನಡದಾಗ 2016ರಾಗ ಶುರುವಾದ ಶೋ ಅದು, ವಿಜಯ್ ರಾಘವೇಂದ್ರ ಜಡ್ಜ್ ಆಗಿದ್ರಲ್ಲ, ಅವರೂ ಬಾಲ ನಟ ಆಗಿದ್ದವ್ರೇ, ರಾಷ್ಟ್ರ ಪ್ರಶಸ್ತಿ ತಗೊಂಡವ್ರು, ಅದಕ್ಕೇ ಸಣ್ಣ ಮಕ್ಕಳು ಮಾತು ಮರತ್ರ ಅವರ ಮುಖ ಹಂಗ ಮೆತ್ತಗ ಆಗ್ತಿತ್ತು ಅಂತ ನನಗ ಅನಿಸ್ತೈತಿ. ಹಂತಾದ್ದು ಬಂದಾಗ ಚಾನೆಲ್ ಮ್ಯಾಲೇ ಹೇಳ್ತಾರ, ಎಲ್ಲಿ ಆಡಿಷನ್ ಅಂತ, ಅದನ್ನ ನೋಡಿ ಹೋಗ್ರಿ, ನಡುವ ರೊಕ್ಕ ಕೇಳೋ ಮನಿಷ್ಯಾನ ಕಡೆ ಹೋಗಬ್ಯಾಡ್ರಿ.

ಉಳಿದ ಸಣ್ಣ ಪುಟ್ಟ ವಿಷಯ. ಕ್ಲಾಸ್ ಮೂರನೇ ಮಾಳಿಗಿ ಮ್ಯಾಲೆ, ಲಿಫ್ಟ್ ಇಲ್ಲ, ಅಜ್ಜ ಅಜ್ಜಿ ಬಿಡಾಕ ಬರೋರಿದ್ರ ತ್ರಾಸ. ಬ್ಯಾಸಗ್ಯಾಗ ನಮ್ಮ ಊರ ಬಿಸಿಲು ಗೊತ್ತಲ್ಲ, ಎರಡೇ ಫ್ಯಾನು, ಕರೆಂಟ್ ಹೋದ್ರ ಅದೂ ಇಲ್ಲ, ಹಸೀ ಟವೆಲ್ ಕೊಟ್ಟು ಕಳಸ್ರಿ. ಒಂದು ಬ್ಯಾಚಿಗೆ 22 ಮಕ್ಕಳು ಒಬ್ರೇ ಟೀಚರಿಗೆ ಜಾಸ್ತಿ ಆತು, 15ಕ್ಕೆ ನಿಲ್ಲಸಿದ್ರ ಚಲೋ. ಫೀ ರಸೀದಿ ಕೇಳಿದ್ರ ಕೊಡ್ತಾರ, ಕೇಳ್ರಿ. ನಾಟಕದ ಡ್ರೆಸ್ಸಿಗೆ ಅಂತ 600 ಬ್ಯಾರೆ ತಗೊಂಡ್ರು, ಆ ಬುಟ್ಟಿ ಮತ್ತ ಇಳಕಲ್ ಖಣದ ಲಂಗಾ ಮನಿಗೇ ಕೊಟ್ರು. ಹೆಣ್ಣುಮಕ್ಕಳಿಗೆ ಬಾತ್‌ರೂಮ್ ಬ್ಯಾರೆ ಐತಿ, ಸ್ವಚ್ಛ ಐತಿ. ಪಾಲಕರು ಬಾಗಲದಾಗ ನಿಂತು ನೋಡಬಹುದು, ಯಾರೂ ಬ್ಯಾಡ ಅನ್ನಂಗಿಲ್ಲ, ನಾ ಇದಕ್ಕೆ ಭಾಳ ಬೆಲಿ ಕೊಡ್ತೀನಿ.

ಹೊಸಾ ಬ್ಯಾಚ್ ಏಪ್ರಿಲ್ ಸೂಟಿಗೆ ಶುರು, ಮಾರ್ಚ್‌ದಾಗೇ ತುಂಬತೈತಿ. ನಮ್ಮಾಕಿ ಎರಡನೇ ವರ್ಷಕ್ಕೂ ಹೋಗ್ತಾಳ, ಈ ಸಲ ನಾಟಕದಾಗ ಅಕಿಗೆ ಬಸ್ ಕಂಡಕ್ಟರ್ ಪಾತ್ರ, ನಿನ್ನೆಯಿಂದ ಮನ್ಯಾಗ ಎಲ್ಲಾರಿಗೂ ಟಿಕೆಟ್ ಹರ್ಯಾಕತ್ತಾಳ, ನಮ್ಮತ್ತಿಗೆ ಇಂಡಿಗೆ ಫುಲ್ ಟಿಕೆಟ್, ನನಗ ಹಾಫ್.