ಲಿಸ್ಬನ್‌ನ ಕಾರ್ಮೊ ಮ್ಯೂಸಿಯಂ: ಚಾವಣಿ ಇಲ್ಲದ ಚರ್ಚು

1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಗ್ಗೆ ಲಿಸ್ಬನ್ ನಡುಗಿತು. ಜನ ಚರ್ಚುಗಳಲ್ಲಿದ್ದರು, ಮೇಣದ ಬತ್ತಿಗಳು ಉರಿಯುತ್ತಿದ್ದವು. ಕಂಪನದ ಹಿಂದೆಯೇ ಸುನಾಮಿ, ಆಮೇಲೆ ದಿನಗಟ್ಟಲೆ ಬೆಂಕಿ. ಫ್ರೆಂಚ್ ಲೇಖಕ ವೋಲ್ಟೇರ್ 1759ರ 'ಕಾಂದೀದ್'ನಲ್ಲಿ "ಆಗುವುದೆಲ್ಲ ಒಳ್ಳೆಯದಕ್ಕೇ" ಎನ್ನುವ ತತ್ತ್ವವನ್ನು ಇದೇ ನಗರದ ಅವಶೇಷಗಳ ನಡುವೆ ನಿಲ್ಲಿಸಿ ಪ್ರಶ್ನಿಸಿದ. ಆ ಕಾದಂಬರಿ ಓದಿದವರು, ಅದೇ ಭೂಕಂಪದಲ್ಲಿ ಚಾವಣಿ ಕಳೆದುಕೊಂಡು ಈಗ ಮ್ಯೂಸಿಯಂ ಆಗಿರುವ ಕಾರ್ಮೊ ಮಠದ ಚರ್ಚನ್ನು ನೋಡಲೇಬೇಕು.

1389ರಲ್ಲಿ ಸ್ಥಾಪನೆಯಾದ ಈ ಮಠದ ಚರ್ಚಿಗೆ ಇಂದಿಗೂ ನಡುಭಾಗದಲ್ಲಿ ಚಾವಣಿಯಿಲ್ಲ. ಬರೀ ಕಲ್ಲಿನ ಕಮಾನುಗಳು, ಮೇಲೆ ಆಕಾಶ. ಒಂದು ಎಚ್ಚರಿಕೆ: ಕಾಣುವುದೆಲ್ಲ 1755ರಲ್ಲಿ ಉಳಿದದ್ದಲ್ಲ. ಕೆಲವು ಕಂಬ, ಕಮಾನುಗಳು ಭೂಕಂಪದ ನಂತರ ಮತ್ತೆ ಕಟ್ಟಿದವು. 1834ರಲ್ಲಿ ಮಠಗಳನ್ನು ರದ್ದು ಮಾಡಿದಾಗ ಕೆಲಸ ಅಲ್ಲಿಗೇ ನಿಂತಿತು.

ಒಳಕೋಣೆಗಳ ಸಂಗ್ರಹ ಮಿಶ್ರ: ದೊರೆ ಮೊದಲನೇ ಫರ್ನಾಂಡೊನ ಕೆತ್ತನೆಯ ಸಮಾಧಿಪೆಟ್ಟಿಗೆ ಸೊಗಸಾಗಿದೆ, ಪೆರುವಿನ ಮಮ್ಮಿಗಳಿಗೂ ಈ ಜಾಗಕ್ಕೂ ಸಂಬಂಧವೇ ಇಲ್ಲ. ದುರಂತದ ಬಗ್ಗೆ ಓದಿಕೊಂಡೇ ಹೋಗಿ, ಇಲ್ಲದಿದ್ದರೆ ಅರ್ಧ ಅನುಭವ ತಪ್ಪುತ್ತದೆ.

ಭಾನುವಾರ ರಜೆ. ಮಳೆ ಬಂದರೆ ನಡುಭಾಗದಲ್ಲಿ ನೆನೆಯುತ್ತೀರಿ. ಕೆಳಗಿನ ಬೀದಿಯಿಂದ ಇಲ್ಲಿಗೆ ಹತ್ತಿಸುವ ಸಾಂತಾ ಜುಸ್ತಾ ಲಿಫ್ಟಿನ ಉದ್ದ ಸಾಲು ಬೇಡ. ಬೈಶಾ-ಶಿಯಾದು ಮೆಟ್ರೊದ ಶಿಯಾದು ದ್ವಾರದಿಂದ ಕೆಲವೇ ನಿಮಿಷದ ನಡಿಗೆ. ಮುಗಿದ ಮೇಲೆ ಕೆಳಗಿನ ಬೈಶಾ ಬೀದಿಗಳಿಗೆ ಇಳಿಯಿರಿ. ಭೂಕಂಪದ ನಂತರ ನಗರವನ್ನು ಮತ್ತೆ ಕಟ್ಟಿಸಿದ ಮಂತ್ರಿ ಪೊಂಬಾಲ್ ಕಾಲದಲ್ಲಿ ಎದ್ದ ಅಲ್ಲಿನ ಮನೆಗಳ ಗೋಡೆಯೊಳಗೆ, ಅಡ್ಡಡ್ಡ ಪಟ್ಟಿಗಳಿಂದ ಬಿಗಿದ ಮರದ ಚೌಕಟ್ಟಿದೆ. ಮುಂದಿನ ಕಂಪನಕ್ಕೆ ಗೋಡೆ ಬಾಗಲಿ, ಕುಸಿಯದಿರಲಿ ಎಂದು ಮಾಡಿದ್ದು.