ಮೈಕ್ ಹೇಳಿದ ಲೆಕ್ಕ, ಟೇಪ್ ಹೇಳಿದ ಲೆಕ್ಕ

ದಾವಣಗೆರೆಯ ನಮ್ಮ ಮನೆಯ ಹಾಲ್ 15 ಅಡಿ ಉದ್ದ, 12 ಅಡಿ ಅಗಲ. ಗ್ರಾನೈಟ್ ನೆಲ, ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಸದ್ದು ಮರಳಿ ಬರುತ್ತದೆ. ಅಲ್ಲಿ ಟಿವಿಗೆಂದು ಐದು ಸ್ಪೀಕರ್, ಆಳದ ಸದ್ದಿಗೆಂದೇ ಒಂದು ಸಬ್‌ವೂಫರ್ ಕೂರಿಸಿದ ಮೇಲೆ ಅಮ್ಮನ ದೂರು ಒಂದೇ: “ಸದ್ದು ಬೇಕಾದಷ್ಟಿದೆ, ಮಾತೇ ಕೇಳುವುದಿಲ್ಲ.” ಅದಕ್ಕಾಗಿ, ಇವಕ್ಕೆಲ್ಲ ಸದ್ದು ಹಂಚುವ ರಿಸೀವರನ್ನು ಎರಡು ಬಗೆಯಲ್ಲಿ ಹೊಂದಿಸಿ, ಒಂದೊಂದನ್ನೂ ಒಂದೊಂದು ವಾರ ಕೇಳಿದೆವು.

ಮೊದಲ ವಾರ ರಿಸೀವರ್ ಜೊತೆಗೆ ಬಂದಿದ್ದ ಮೈಕಿನದು. ಸ್ಪೀಕರ್‌ಗಳ ಪರೀಕ್ಷೆಯ ಸದ್ದನ್ನು ಅದರಿಂದ ಅಳೆದು ರಿಸೀವರ್ ತಾನೇ ಹೊಂದಿಸಿಕೊಳ್ಳುತ್ತದೆ. ಅದನ್ನು ಸೋಫಾದ ಮೇಲಿಡದೆ ಕ್ಯಾಮೆರಾ ಸ್ಟ್ಯಾಂಡಿಗೆ ಸಿಕ್ಕಿಸಿ, ಕಿವಿಯ ಎತ್ತರಕ್ಕೆ ನಿಲ್ಲಿಸಿದೆ. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ ಕುಳಿತರೆ, ಕೂಗಳತೆಯ ದೂರದ ಹಳಿಯ ಮೇಲೆ ರೈಲು ಬಂತು. ಅಳತೆ ನಡುವೆಯೇ ನಿಂತಿತು. ರಾತ್ರಿ ಹನ್ನೊಂದರ ನಂತರವೇ ಅದು ಮುಗಿದದ್ದು. ಎಲ್ಲದರ ಸದ್ದೂ ಒಟ್ಟಿಗೆ ಕಿವಿಗೆ ಮುಟ್ಟಲೆಂದು ರಿಸೀವರಿಗೆ ಬೇಕಾದ ಸ್ಪೀಕರ್‌ಗಳ ದೂರವನ್ನು ಮೈಕ್ ಅರ್ಧ ಅಡಿಯೂ ತಪ್ಪದಂತೆ ಹಿಡಿದಿತ್ತು. ಆದರೆ ಐದು ಇಂಚಿನ ಮುಂದಿನ ಸ್ಪೀಕರ್‌ಗಳನ್ನು ‘ದೊಡ್ಡವು’ ಎಂದು ಗುರುತಿಸಿ, ಅವುಗಳಿಂದ ಹೊರಡಿಸಲಾಗದ ಆಳದ ಸದ್ದನ್ನೂ ಅವುಗಳಿಗೇ ಹೊರಿಸಿತು. ಸಬ್‌ವೂಫರ್ ಬಹುಪಾಲು ಸುಮ್ಮನಿತ್ತು.

ಎರಡನೆಯ ವಾರ ಎಲ್ಲವನ್ನೂ ಅಳಿಸಿ, ಟೇಪ್ ಮತ್ತು ಒಂದು ಸಣ್ಣ ಶಬ್ದಮಾಪಕ ಹಿಡಿದೆ. ಐದೂ ಸ್ಪೀಕರ್‌ಗಳನ್ನು ‘ಚಿಕ್ಕವು’ ಎಂದು ಬದಲಿಸಿ, 80 ಹರ್ಟ್ಜ್‌ಗಿಂತ ಕೆಳಗಿನ ಆಳದ ಸದ್ದನ್ನೆಲ್ಲ ಸಬ್‌ವೂಫರಿಗೆ ಬಿಟ್ಟೆ. ಪರೀಕ್ಷೆಯ ಸದ್ದನ್ನು ಕೂರುವ ಜಾಗದಲ್ಲಿ 75 ಡೆಸಿಬೆಲ್‌ಗೆ ಸರಿದೂಗಿಸಿ, ಅಮ್ಮನಿಗಾಗಿ, ಮಾತು ಹೆಚ್ಚಾಗಿ ಹೊರಡುವ ನಡುವಿನ ಸೆಂಟರ್ ಸ್ಪೀಕರನ್ನು ಮಾತ್ರ 2 ಡೆಸಿಬೆಲ್ ಏರಿಸಿದೆ. ನಿಜವಾದ ಫಲ ಸಿಕ್ಕಿದ್ದು ಅಂಕಿಗಳಿಂದಲ್ಲ. ಟಿವಿ ಕಪಾಟಿನ ಒಳಗೆ ಹುದುಗಿದ್ದ ಆ ಸ್ಪೀಕರನ್ನು ಅಂಚಿಗೆ ಎಳೆದು, ಮುಂಭಾಗಕ್ಕೆ ರಬ್ಬರ್ ತುಂಡು ಕೊಟ್ಟು ಅಮ್ಮನ ಕಿವಿಯತ್ತ ಓರೆ ಮಾಡಿದ ಕ್ಷಣವೇ ಮಾತು ಬಿಡಿಬಿಡಿಯಾಗಿ ಕೇಳಿತು. ಮೈಕ್ ನೂರು ಸಲ ಅಳೆದರೂ ಈ ಸಲಹೆ ಕೊಡುತ್ತಿರಲಿಲ್ಲ.

ಒಂದು ಕಡೆ ಟೇಪನ್ನು ನಂಬಿ ನಾನು ಮೋಸ ಹೋದೆ. ಸಬ್‌ವೂಫರ್ ಇದ್ದದ್ದು 8 ಅಡಿ ದೂರದಲ್ಲಿ. ಮೈಕ್ ಅದನ್ನು 13 ಅಡಿ ಎಂದಿತ್ತು. ತಪ್ಪೆಂದು ತಿಳಿದು 8 ಎಂದು ತಿದ್ದಿದೆ. ತಮಟೆಯ ಪೆಟ್ಟು ಮೊದಲು, ಅದರ ಗುಮ್ಮು ಆಮೇಲೆ ಬಂದಂತೆ ಕೇಳತೊಡಗಿತು. ಸಬ್‌ವೂಫರಿನ ಒಳಗಿನ ಸರ್ಕ್ಯೂಟ್ ಸದ್ದನ್ನು ತುಸು ತಡೆದು ಕಳಿಸುತ್ತದೆ. ಒಂದು ಅಡಿ ದಾಟಲು ಶಬ್ದಕ್ಕೆ ಸುಮಾರು 0.9 ಮಿಲಿಸೆಕೆಂಡ್ ಬೇಕು, ಮೈಕ್ ಆ ತಡವನ್ನೂ ಅಡಿಯಲ್ಲಿ ಲೆಕ್ಕ ಹಾಕಿತ್ತು. ಮತ್ತೆ 13 ಎಂದೇ ಬರೆದೆ.

ಗುಂಯ್‌ಗುಡುವ ತೊಂದರೆಯಲ್ಲೂ ಗೆದ್ದದ್ದು ಮೈಕೇ. 15 ಅಡಿ ಉದ್ದದ ಕೋಣೆ 37–38 ಹರ್ಟ್ಜ್ ಸುತ್ತ ತಾನೇ ಅನುರಣಿಸುತ್ತದೆ, ಗೋಡೆಗೆ ಒತ್ತಿದ ಸೋಫಾದಲ್ಲಿ ಅದು ತಲೆಗೇ ಬಡಿಯುತ್ತದೆ. ಸೋಫಾ ಎರಡು ಅಡಿ ಮುಂದೆ ಬಂದಾಗ ಅರ್ಧ ಇಳಿಯಿತು, ಉಳಿದದ್ದನ್ನು ಮೈಕಿನ ಅಳತೆ ನೋಡಿ ರಿಸೀವರ್ ಮಾಡಿದ ತಿದ್ದುಪಡಿ ತಗ್ಗಿಸಿತು.

ಈಗ ನಮ್ಮಲ್ಲಿರುವುದು ಮೈಕ್ ಕೊಟ್ಟ ದೂರ ಮತ್ತು ತಿದ್ದುಪಡಿ, ನಾನು ಕೊಟ್ಟ 80 ಹರ್ಟ್ಜ್ ಮತ್ತು ಸೆಂಟರ್ ಸ್ಪೀಕರಿನ ಆ 2 ಡೆಸಿಬೆಲ್. ಮೊನ್ನೆ ಫ್ಯಾನ್ ತಿರುಗುತ್ತಿದ್ದರೂ ಅಮ್ಮ ಒಮ್ಮೆಯೂ ರಿಮೋಟ್ ಕೇಳಲಿಲ್ಲ. ನೆಲಕ್ಕೆ ದಪ್ಪ ಜಮಖಾನೆ ಬಂದ ದಿನ ಇನ್ನೊಮ್ಮೆ ಅಳೆಯಬೇಕು, ರೈಲಿನ ವೇಳೆ ನೋಡಿಕೊಂಡು.